ಸಹಾಯ ಬೇಕು: ಸ್ಥಳೀಯ ಜೇನಿನ ಡಿಎನ್‌ಎ ಬಾರ್‌ಕೋಡ್‌ನಲ್ಲಿ ಜೋಡಿ ಪೀಕ್‌ಗಳು

ಎಲ್ಲರಿಗೂ ನಮಸ್ಕಾರ. ನೆಲದಲ್ಲಿ ಗೂಡು ತೋಡುವ ಪುಟ್ಟ ಲೇಸಿಯೋಗ್ಲಾಸಮ್ ಜೇನುಗಳ ಮೇಲೆ ಕೆಲಸ ಮಾಡುತ್ತಿದ್ದೇನೆ. ಮೈಕ್ರೋಸ್ಕೋಪಿನಲ್ಲಿ ಎಷ್ಟು ಹೊತ್ತು ನೋಡಿದರೂ ಇವು ಒಂದೇ ಪ್ರಭೇದವೋ ಎರಡೋ ಗೊತ್ತಾಗುತ್ತಿಲ್ಲ. ಹೆಣ್ಣುಗಳ ಬೆನ್ನಿನ ಮೇಲಿನ ಸಣ್ಣ ಗುಳಿಗಳು ಕೆಲವದರಲ್ಲಿ ಒತ್ತೊತ್ತಾಗಿವೆ, ಕೆಲವದರಲ್ಲಿ ಸ್ವಲ್ಪ ದೂರ, ಅಷ್ಟೇ. ಅದಕ್ಕೇ ಬಾರ್‌ಕೋಡಿಂಗ್‌ಗೆ, ಅಂದರೆ ಡಿಎನ್‌ಎಯ ಒಂದು ಗೊತ್ತಾದ ಭಾಗ ಓದಿ ಪ್ರಭೇದ ಗುರುತಿಸುವುದಕ್ಕೆ, ಕೈ ಹಾಕಿದೆ.

ಪ್ರತಿ ಹುಳದಿಂದ ಒಂದೇ ಕಾಲು ತೆಗೆದೆ. ಮುಂದೆ ವಿವರಣೆ ಬರೆಯಲು ದೇಹ ಹಾಳಾಗಬಾರದು ನೋಡಿ. ಮೈಟೊಕಾಂಡ್ರಿಯಾದ ಸಿಒಐ ಜೀನಿನ 658 ಬೇಸ್‌ಗಳ (ಡಿಎನ್‌ಎ ಅಕ್ಷರಗಳ) ಭಾಗವನ್ನು ನಕಲು ಮಾಡಲು 1994ರ ಫೋಲ್ಮರ್ ಪ್ರೈಮರ್‌ಗಳನ್ನೇ (ನಕಲು ಶುರುವಾಗುವ ಜಾಗಕ್ಕೆ ಅಂಟುವ ಪುಟ್ಟ ಡಿಎನ್‌ಎ ತುಣುಕುಗಳು) ಬಳಸಿದೆ. ಜೆಲ್‌ನಲ್ಲಿ ಬ್ಯಾಂಡ್ ಚೆನ್ನಾಗಿ ಬಂತು, ಅಂದರೆ ನಕಲು ಆಗಿದೆ. ಆದರೆ ಸೀಕ್ವೆನ್ಸ್ ಓದಿಸಿದಾಗ ಬಂದ ಗ್ರಾಫ್‌ನಲ್ಲಿ (ಟ್ರೇಸ್), 14 ಮಾದರಿಗಳಲ್ಲಿ 5ರಲ್ಲಿ, ಒಂದು ಬೇಸ್‌ಗೆ ಒಂದೇ ಪೀಕ್ ಇರಬೇಕಾದಲ್ಲಿ ಅಲ್ಲಲ್ಲಿ ಎರಡು ಪೀಕ್. ಕೆಂಪು ಗೆರೆಯ ಅಡಿಯಲ್ಲೇ ನೀಲಿ ಗೆರೆ ಎದ್ದು ಕಾಣುತ್ತದೆ. ಒಂದರಲ್ಲಿ ನಡುವೆ ಸ್ಟಾಪ್ ಕೋಡಾನ್ (ಪ್ರೋಟೀನ್ ತಯಾರಿ ನಿಲ್ಲಿಸುವ ಸಂಕೇತ; ಸರಿಯಾದ ಜೀನಿನ ನಡುವೆ ಇರಬಾರದು) ಬೇರೆ ಇದೆ.

ಮೈಟೊಕಾಂಡ್ರಿಯಾದಿಂದ ನ್ಯೂಕ್ಲಿಯಸ್‌ಗೆ ಹಿಂದೆಂದೋ ನುಸುಳಿದ ತುಣುಕು ಇದು ಅಂತ ನನ್ನ ಅನುಮಾನ. ಕೀಟಗಳ ಜೀವಕೋಶದೊಳಗೆ ಬದುಕುವ ವೊಲ್ಬಾಕಿಯಾ ಬ್ಯಾಕ್ಟೀರಿಯಾದ ಡಿಎನ್‌ಎಯೇ ಬಂದಿದ್ದರೆ ಬೋಲ್ಡ್, ಜೆನ್‌ಬ್ಯಾಂಕ್‌ನಂಥ ಸೀಕ್ವೆನ್ಸ್ ಭಂಡಾರಗಳಲ್ಲಿ ಹುಡುಕಿದಾಗ ಸುಳಿವು ಸಿಗುತ್ತಿತ್ತು, ಅಲ್ವಾ?

ಇಂಥದ್ದನ್ನು ಎದುರಿಸಿದವರು ದಯವಿಟ್ಟು ಹೇಳಿ. ಬೇರೆ ಪ್ರೈಮರ್ ಹಾಕಲೇ, ಕ್ಲೋನ್ ಮಾಡಿ (ಬೆರೆತ ನಕಲುಗಳನ್ನು ಬೇರೆಬೇರೆ ಮಾಡಿ) ಓದಿಸಲೇ? ಆಪ್ಸಿನ್‌ನಂಥ (ಕಣ್ಣಿನ ಬೆಳಕು ಗ್ರಹಿಸುವ ಪ್ರೋಟೀನಿನ) ನ್ಯೂಕ್ಲಿಯರ್ ಜೀನ್ ಕೂಡ ಸೇರಿಸಬೇಕೇ? ಬರೀ ಬಾರ್‌ಕೋಡ್ ನೆಚ್ಚಿಕೊಂಡು ಹೊಸ ಪ್ರಭೇದ ಅನ್ನಲು ನನಗೆ ಮನಸ್ಸಿಲ್ಲ. ಗಂಡುಗಳು 3 ಸಿಕ್ಕಿವೆ. ಅವು ಯಾವ ಹೆಣ್ಣಿಗೆ ಸೇರಿದವು ಎಂದು ತಿಳಿಯುವುದಕ್ಕೂ ಸ್ವಚ್ಛ ಸೀಕ್ವೆನ್ಸ್ ಬೇಕೇ ಬೇಕು. ಟ್ರೇಸ್ ಫೈಲ್‌ಗಳನ್ನು ನೋಡಲು ಯಾರಿಗಾದರೂ ಬಿಡುವಿದ್ದರೆ ಇವತ್ತೇ ಕಳಿಸುತ್ತೇನೆ.