ಕೀಳರಿಮೆ ಮೊದಲೋ, ಜನರೆದುರಿನ ಅಂಜಿಕೆ ಮೊದಲೋ?

ಪ್ರಶ್ನೆ (ಪದವಿ ಕಾಲೇಜಿನ ಅಧ್ಯಾಪಕಿ): ನನ್ನ ತರಗತಿಯ ಕೆಲವರು ಉತ್ತರಪತ್ರಿಕೆಯಲ್ಲಿ ಬಹಳ ಚೆನ್ನಾಗಿ ಬರೆಯುತ್ತಾರೆ, ಸೆಮಿನಾರ್‌ಗೆ ಎದ್ದು ನಿಂತರೆ ಮಾತ್ರ ಧ್ವನಿ ನಡುಗುತ್ತದೆ, ಕೈಯಲ್ಲಿನ ಹಾಳೆಯಿಂದ ಕಣ್ಣೆತ್ತುವುದೇ ಇಲ್ಲ. ಕೀಳರಿಮೆಯಿಂದ ಈ ಅಂಜಿಕೆ ಹುಟ್ಟುತ್ತದೆಯೇ, ಅಥವಾ ಅಂಜಿಕೆಯೇ ಆತ್ಮಗೌರವವನ್ನು ಕುಗ್ಗಿಸುತ್ತದೆಯೇ ಎಂಬುದನ್ನು ಬಲ್ಲವರು ದಯವಿಟ್ಟು ತಿಳಿಸಿ.

ಉತ್ತರ 1: ಮೇಡಂ, ಎರಡೂ ನಿಜ. ದೀರ್ಘಾವಧಿ ಅಧ್ಯಯನಗಳನ್ನು ಒಟ್ಟುಗೂಡಿಸಿ ಮನೋವಿಜ್ಞಾನ ಸಂಶೋಧಕರಾದ ಸೊವಿಸ್ಲೊ ಮತ್ತು ಓರ್ತ್ 2013ರಲ್ಲಿ ಪ್ರಕಟಿಸಿದ ವಿಶ್ಲೇಷಣೆಯಲ್ಲಿ, ಕಡಿಮೆ ಆತ್ಮಗೌರವವು ಮುಂದೆ ಖಿನ್ನತೆಗೆ ದಾರಿ ಮಾಡಿಕೊಡುವುದು ಹೆಚ್ಚಾಗಿ ಕಂಡುಬಂದರೆ, ಆತಂಕದ ವಿಷಯದಲ್ಲಿ ಪ್ರಭಾವವು ಎರಡೂ ಕಡೆಯಿಂದ ಹೆಚ್ಚುಕಡಿಮೆ ಸಮನಾಗಿತ್ತು. (ಅದು ಒಟ್ಟಾರೆ ಆತಂಕದ ಲೆಕ್ಕ, ಸಾಮಾಜಿಕ ಆತಂಕ, ಅಂದರೆ ಜನರೆದುರಿನ ಅಂಜಿಕೆಯೊಂದರದ್ದಲ್ಲ.)

ಉತ್ತರ 2 (ಆಪ್ತಸಮಾಲೋಚಕ): ನೀವು ಹೇಳಿದ ಆ ಹಾಳೆಯನ್ನು ಗಮನಿಸಿ. ಮನೋವಿಜ್ಞಾನಿಗಳಾದ ಕ್ಲಾರ್ಕ್ ಮತ್ತು ವೆಲ್ಸ್ 1995ರಲ್ಲಿ ಮಂಡಿಸಿದ ಸಾಮಾಜಿಕ ಆತಂಕದ ಮಾದರಿಯ ಪ್ರಕಾರ, ಅಂಜುವವರ ಗಮನ ಎದುರಿನವರಿಂದ ಸರಿದು ತಮ್ಮ ನಡುಗುವ ಧ್ವನಿ, ಬಿಸಿಯೇರುವ ಮುಖಗಳ ಮೇಲೆಯೇ ನೆಡುತ್ತದೆ. ಹಾಳೆಯಂಥ ಆಸರೆಯಿಂದ ಪಾರಾದೆವೆಂದು ಅವರು ಭಾವಿಸುವುದರಿಂದ, ಚೆನ್ನಾಗಿ ಮಾತನಾಡಿದರೂ ಆ ಯಶಸ್ಸು ಅವರ ಖಾತೆಗೆ ಜಮೆಯಾಗುವುದೇ ಇಲ್ಲ. ಆದ್ದರಿಂದ ಬರಿದೇ ಹೊಗಳುವುದಕ್ಕಿಂತ, ಮೊದಲು ಮೂರ್ನಾಲ್ಕು ಸಹಪಾಠಿಗಳೆದುರು ಹಾಳೆಯಿಲ್ಲದೆ ಮಾತನಾಡಿಸುವುದೇ ಮೇಲು ಎಂಬುದು ನನ್ನ ಅಭಿಪ್ರಾಯ.

ಉತ್ತರ 3: ನಾಚಿಕೆ ಸ್ವಭಾವವನ್ನೆಲ್ಲ ಕಾಯಿಲೆ ಎನ್ನಲಾಗದು. ಆದರೆ ಅಂಜಿಕೆ ಆರು ತಿಂಗಳು ಮೀರಿಯೂ ಮುಂದುವರಿದು, ವಿದ್ಯಾರ್ಥಿ ವೈವಾವನ್ನೇ ತಪ್ಪಿಸಿಕೊಳ್ಳುವ ಹಂತ ತಲುಪಿದ್ದರೆ ತಜ್ಞರನ್ನು ಕಾಣಬೇಕು. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲಿಯೇ ಉಚಿತ ಆಪ್ತಸಲಹೆ ದೊರೆಯುತ್ತದೆ.