ಅಂಡರ್‌ಸ್ಟಿಯರ್, ಓವರ್‌ಸ್ಟಿಯರ್: ಮುಂಜಾರು, ಹಿಂಜಾರು ಅಂದರೆ ನಡೆಯುತ್ತಾ?

ಕಾರು ರೇಸಿನ ಬಗ್ಗೆ ಕನ್ನಡದಲ್ಲಿ ಒಂದು ಬರಹ ಬರೆಯುತ್ತಿದ್ದೇನೆ. ಎರಡು ಪದಗಳ ಹತ್ತಿರ ಬಂದು ಬಂಡಿ ನಿಂತುಬಿಟ್ಟಿದೆ: ಅಂಡರ್‌ಸ್ಟಿಯರ್, ಓವರ್‌ಸ್ಟಿಯರ್. ಎಂಜಿನ್ನು, ಬ್ರೇಕು, ಗೇರು, ಟೈರು ಎಲ್ಲ ಯಾವತ್ತೋ ಕನ್ನಡದವೇ ಆಗಿಹೋಗಿವೆ, ಅವನ್ನು ಮುಟ್ಟುವ ಆಸೆ ನನಗಿಲ್ಲ. ಇವೆರಡನ್ನೂ ಹಾಗೇ ಬಿಡಬಹುದಿತ್ತು. ಆದರೆ ಇವು ಇಂಗ್ಲಿಷಿನಲ್ಲೇ ದಾರಿ ತಪ್ಪಿಸುವ ಪದಗಳು.

ತಿರುವಿನಲ್ಲಿ ಸ್ಟೀರಿಂಗ್ ತಿರುಗಿಸಿದ್ದೀರಿ, ಮುಂದಿನ ಟೈರುಗಳಿಗೆ ಹಿಡಿತ ಸಾಲಲಿಲ್ಲ, ಕಾರು ನಿಮ್ಮ ಮಾತು ಕೇಳದೆ ತಿರುವಿನ ಹೊರಗಡೆಗೆ ಹೋಗುತ್ತದೆ. ಇದು ಅಂಡರ್‌ಸ್ಟಿಯರ್. ಹಿಂದಿನ ಟೈರುಗಳು ಹಿಡಿತ ಬಿಟ್ಟು, ಹಿಂಭಾಗ ಹೊರಕ್ಕೆ ಬೀಸಿ, ಮೂತಿ ಬೇಕಾದ್ದಕ್ಕಿಂತ ಜಾಸ್ತಿ ಒಳಕ್ಕೆ ತಿರುಗಿತೋ, ಅದು ಓವರ್‌ಸ್ಟಿಯರ್. ಇವನ್ನು ಪದಕ್ಕೆ ಪದ ಇಟ್ಟು ‘ಕಡಿಮೆ ತಿರುವು’, ‘ಅತಿ ತಿರುವು’ ಅಂತ ಬರೆದು ನೋಡಿದೆ. ಓದಿದವರಿಗೆ ಓಡಿಸುವವನ ಕೈಯದ್ದೇ ತಪ್ಪು ಅನ್ನಿಸುತ್ತದೆ, ಅವನು ಸರಿಯಾಗಿ ತಿರುಗಿಸಲಿಲ್ಲವೇನೋ ಅಂತ. ನಿಜವಾಗಿ ಅಂಡರ್‌ಸ್ಟಿಯರ್ ಆದಾಗ ಗಾಬರಿಬಿದ್ದವನು ಸ್ಟೀರಿಂಗನ್ನು ಇನ್ನೂ ಜಾಸ್ತಿಯೇ ತಿರುಗಿಸಿರುತ್ತಾನೆ!

ಅಮೆರಿಕದ ನಾಸ್ಕಾರ್ ಕಾರು ರೇಸಿನ ಮಂದಿ ಈ ಗೋಜಿಗೇ ಹೋಗುವುದಿಲ್ಲ. ಮೊದಲನೆಯದಕ್ಕೆ ‘ಟೈಟ್’, ಎರಡನೆಯದಕ್ಕೆ ‘ಲೂಸ್’ ಅಂತಾರೆ. ನಮ್ಮಲ್ಲಿ ಬಿಗಿ, ಸಡಿಲ ಅನ್ನಬಹುದಲ್ವಾ ಅಂದುಕೊಂಡೆ. ಆದರೆ ‘ಕಾರು ಸಡಿಲವಾಗಿದೆ’ ಅಂದರೆ ನಟ್ಟು ಬೋಲ್ಟು ಕಳಚಿಕೊಂಡಿದೆ ಅಂತಲೇ ಅರ್ಥವಾಗುತ್ತದೆ.

ಹಾಗಾಗಿ ಯಾವ ಕಡೆ ಜಾರಿತೋ ಅದನ್ನೇ ಹೆಸರಾಗಿಸಿದೆ. ಮುಂಜಾರು, ಹಿಂಜಾರು. ಮುಂಗಾರು, ಹಿಂಗಾರು ಇದ್ದ ಹಾಗೆ ಜೋಡಿಯೂ ಆಯಿತು. (ಮುಂಗಾರಿನಲ್ಲೂ ಒಂದು ‘ಕಾರು’ ಅಡಗಿದೆ ನೋಡಿ, ಅದು ಮಳೆಗಾಲದ ಕಾರು. ಸುಮ್ನೆ ಹೇಳಿದೆ.)

ಎರಡು ದಿನ ಖುಷಿಯಾಗಿದ್ದೆ. ಆಮೇಲೆ ವಾಕ್ಯದಲ್ಲಿ ಹಾಕಿದಾಗ ತೊಡಕು ಕಂಡಿತು. ಮುಂಗೈ, ಮುಂಗಾಲು, ಹಿಂಬಾಗಿಲು ಇಂಥ ಕಡೆ ಮುಂ, ಹಿಂ ಅಂದರೆ ಜಾಗ: ಮುಂದೆ ಇರುವುದು, ಹಿಂದೆ ಇರುವುದು. ಆದರೆ ಕ್ರಿಯಾಪದಕ್ಕೆ ಅಂಟಿಕೊಂಡರೆ ಅವು ದಿಕ್ಕು ಹೇಳತೊಡಗುತ್ತವೆ. ಮುನ್ನಡೆ ಅಂದರೆ ಮುಂದಕ್ಕೆ ನಡೆ, ಹಿಮ್ಮೆಟ್ಟು ಅಂದರೆ ಹಿಂದಕ್ಕೆ ಸರಿ. ಆ ಲೆಕ್ಕದಲ್ಲಿ ‘ಕಾರು ಹಿಂಜಾರಿತು’ ಅಂದರೆ ಏರಿನಲ್ಲಿ ಬ್ರೇಕು ಹಿಡಿಯದೆ ಹಿಂದಕ್ಕೆ ಜಾರಿತು ಅಂತ ಆಗಿಬಿಡುತ್ತದೆ. ‘ಈ ಕಾರಿಗೆ ಹಿಂಜಾರು ಜಾಸ್ತಿ’ ಅಂತ ನಾಮಪದವಾಗಿ ಬಳಸಿದರೆ ಅಷ್ಟು ತೊಂದರೆ ಕಾಣುವುದಿಲ್ಲ. ನನ್ನ ಕಿವಿಗೆ ಹಾಗೆ ಕೇಳುತ್ತದೆ, ನಿಮಗೆ ಹೇಗೆ?

ಇದನ್ನು ಬಿಡಲು ಮನಸ್ಸಿಲ್ಲದಿರುವುದಕ್ಕೆ ಇನ್ನೊಂದು ಕಾರಣವೂ ಇದೆ. ವೇಗವಾಗಿ ತಿರುವಿಗೆ ನುಗ್ಗಿ, ನಡುವೆ ಹೆದರಿ ಥಟ್ಟನೆ ಆಕ್ಸಿಲರೇಟರ್ ಬಿಟ್ಟರೆ ಭಾರ ಮುಂದಕ್ಕೆ ವಾಲುತ್ತದೆ, ಹಿಂದಿನ ಟೈರು ಹಗುರಾಗಿ ಹಿಡಿತ ತಪ್ಪುತ್ತದೆ. ಹಳೆಯ ಪೋರ್ಷೆ 911 ಇದಕ್ಕೆ ಹೆಸರುವಾಸಿ, ಎಂಜಿನ್ ಹಿಂದಿನ ಅಚ್ಚಿಗಿಂತಲೂ ಹಿಂದೆ ಇರುವುದರಿಂದ ಬಾಲ ಒಮ್ಮೆ ಬೀಸಿತೆಂದರೆ ತಡೆಯುವುದು ಕಷ್ಟ. ಅಂದರೆ ಹಿಂಜರಿದವನಿಗೆ ಹಿಂಜಾರು! ಹಿಂಜರಿಯ ‘ಜರಿ’ಗೂ ‘ಜಾರು’ವಿಗೂ ನಂಟಿದೆಯೇ? ನಿಘಂಟು ಬಲ್ಲವರು ಹೇಳಬೇಕು.

‘ಈಗಿನ ಕಾರುಗಳಲ್ಲಿ ಇದೆಲ್ಲ ಆಗುತ್ತಾ, ಪದ ಯಾಕೆ ಬೇಕು’ ಅಂತ ಗೆಳೆಯನೊಬ್ಬ ಕೇಳಿದ. ಅವನು ಹೇಳುವುದರಲ್ಲಿ ಅರ್ಧ ಸತ್ಯ ಇದೆ. ಕಂಪನಿಗಳು ದಿನಬಳಕೆಯ ಕಾರುಗಳನ್ನು ಬೇಕೆಂದೇ ಅಂಡರ್‌ಸ್ಟಿಯರ್ ಕಡೆಗೆ ವಾಲುವಂತೆ ಹದ ಮಾಡಿರುತ್ತವೆ, ಗಾಬರಿಯಲ್ಲಿ ಕಾಲು ತೆಗೆದರೆ ಕಾರು ತಾನಾಗಿ ದಾರಿಗೆ ಬರಲಿ ಅಂತ. ಅದರ ಮೇಲೆ ಇಎಸ್‌ಸಿ (ಎಲೆಕ್ಟ್ರಾನಿಕ್ ಸ್ಟೆಬಿಲಿಟಿ ಕಂಟ್ರೋಲ್) ಇದೆ, ಕಾರು ಜಾರಿದಾಗ ಹದ್ದಿನಲ್ಲಿಡುವ ಎಲೆಕ್ಟ್ರಾನಿಕ್ ಏರ್ಪಾಡು. ಮುಂಭಾಗ ಜಾರಿದರೆ ಒಳಬದಿಯ ಹಿಂದಿನ ಚಕ್ರಕ್ಕೆ, ಹಿಂಭಾಗ ಜಾರಿದರೆ ಹೊರಬದಿಯ ಮುಂದಿನ ಚಕ್ರಕ್ಕೆ, ನಿಮ್ಮನ್ನು ಕೇಳದೆ ತಾನೇ ಬ್ರೇಕು ಹಾಕುತ್ತದೆ. 1997ರಲ್ಲಿ ಮರ್ಸಿಡಿಸ್ ಎ ಕ್ಲಾಸ್ ಸ್ವೀಡನ್ನಿನ ಪರೀಕ್ಷೆಯಲ್ಲಿ ಮಗುಚಿದ ಮೇಲೆ ಆ ಕಂಪನಿ ತನ್ನ ಸಣ್ಣ ಕಾರಿಗೂ ಇದನ್ನು ಕೂರಿಸಿತು. ಯುರೋಪಿನಲ್ಲಿ 2014ರಿಂದ ಎಲ್ಲ ಹೊಸ ಕಾರಿಗೂ ಕಡ್ಡಾಯ. ಜೀವ ಉಳಿಸುವ ಯಂತ್ರ, ನನ್ನ ತಕರಾರಿಲ್ಲ. ನನ್ನ ತಕರಾರು ಸ್ಟೀರಿಂಗಿನ ಮೇಲೆ. ಮೋಟಾರಿನಿಂದ ತಿರುಗುವ ಈಗಿನ ಬಹಳಷ್ಟು ಸ್ಟೀರಿಂಗುಗಳು ಬೆಣ್ಣೆಯಲ್ಲಿ ಕೈಯಿಟ್ಟ ಹಾಗೆ, ಟೈರು ಏನು ಹೇಳುತ್ತಿದೆ ಅಂತ ಅಂಗೈಗೆ ಗೊತ್ತೇ ಆಗುವುದಿಲ್ಲ. ಪರದೆ ಮಾತ್ರ ಟಿವಿಯಷ್ಟು ದೊಡ್ಡದು.

ರೇಸಿನಲ್ಲಿ ಇಎಸ್‌ಸಿ ಇಲ್ಲ. ಫಾರ್ಮುಲಾ ಒನ್‌ನಲ್ಲಿ ಚಾಲಕ ರೇಡಿಯೊದಲ್ಲಿ ಗೊಣಗುವುದು ಬಹುಪಾಲು ಈ ಎರಡರ ಬಗ್ಗೆಯೇ. ಟೈರು ಬದಲಿಸಲು ನಿಂತ ಎರಡು ಮೂರು ಸೆಕೆಂಡಿನಲ್ಲೇ ಕಾರಿನ ಮೂತಿಯಲ್ಲಿರುವ ರೆಕ್ಕೆಯನ್ನು ಒಂಚೂರು ತಿರುವಿ, ಮುಂದಿನ ಟೈರುಗಳನ್ನು ಕೆಳಕ್ಕೆ ಅದುಮುವ ಗಾಳಿಯ ಒತ್ತು ಜಾಸ್ತಿ ಮಾಡಿ, ಅಂಡರ್‌ಸ್ಟಿಯರ್ ತಗ್ಗಿಸುತ್ತಾರೆ. ಇದನ್ನು ಬರೆಯಲು ನನಗೆ ನಾಮಪದವೂ ಬೇಕು, ಕ್ರಿಯಾಪದವೂ ಬೇಕು. ‘ಅಂಡರ್‌ಸ್ಟಿಯರ್ ಆಗುತ್ತಿದೆ’ ಅಂತ ಪ್ರತಿ ಸಲ ‘ಆಗು’ ಬಾಲ ಕಟ್ಟಿ ಸಾಕಾಗಿದೆ.

ಕೊನೆಗೆ ಹೊಳೆದದ್ದು ಇದು. ಕಾಲು ಜಾರಿತು, ನಾಲಿಗೆ ಜಾರಿತು ಅಂತ ನಾವು ಹೇಳುತ್ತೇವೆ. ಜಾರಿದ್ದು ಯಾವುದು ಅಂತ ಮೊದಲೇ ಹೇಳಿದರೆ ದಿಕ್ಕಿನ ಗೊಂದಲವೇ ಇಲ್ಲ. ಹಾಗಾದರೆ ‘ಮುಂಗಾಲಿ ಜಾರಿತು’, ‘ಹಿಂಗಾಲಿ ಜಾರಿತು’ ಅನ್ನೋಣವೇ? ಗಾಲಿಯೂ ಬಂತು, ಕಾಲಿನ ನೆರಳೂ ಬಂತು. ನಾಮಪದ ಬೇಕಾದ ಕಡೆ ಮುಂಜಾರು, ಹಿಂಜಾರು ಇರಲಿ. ಒಂದೇ ಸಂಗತಿಗೆ ಎರಡು ರೂಪ ಜಾಸ್ತಿಯಾಯಿತು ಅನ್ನಿಸಿದರೆ, ಅಥವಾ ಗ್ಯಾರೇಜಿನವರ ಬಾಯಲ್ಲಿ ಇದಕ್ಕಿಂತ ಒಳ್ಳೆಯ ಮಾತು ಕೇಳಿದ್ದರೆ, ದಯವಿಟ್ಟು ತಿಳಿಸಿ. ಬರಹವನ್ನು ಅಲ್ಲಿವರೆಗೆ ತಡೆದಿಟ್ಟಿದ್ದೇನೆ.