ಕತ್ತಲಾಗಿ ಬಂದ ಆಯಿ ಫೋಟೋ, ಏನರೆ ಮಾಡಾಕ ಬರ್ತೈತೇನ್ರಿ?

ಗದಗಿನ ಗಿರ್ಮಿಟ್:
ನಮಸ್ಕಾರ್ರಿ. ಹೋದ ತಿಂಗಳ ಆಯಿನ್ನ ಲಕ್ಕುಂಡಿಗೆ ಕರಕೊಂಡ ಹೋಗಿದ್ದೆ. ಕಾಶಿ ವಿಶ್ವನಾಥ ಗುಡಿ ಒಳಗ ಕಂಬಕ್ಕ ಆನಿಕೊಂಡು ಕುಂತಾಗ ಮೊಬೈಲ್‌ನ್ಯಾಗ ಒಂದು ಫೋಟೋ ಹೊಡದೆ. ಹಿಂದ ಬಾಗಲ, ಬಾಗಲದಾಚೆ ಮಟಮಟ ಮಧ್ಯಾಹ್ನ. ಫೋನ್ ಹೊರಗಿನ ಬಿಸಲಿಗೆ ಹೊಂದಿಕೊಂಡು ಆಯಿನ್ನ ಕತ್ತಲಕ್ಕ ನೂಕಿಬಿಟ್ಟೈತಿ. ಸ್ನ್ಯಾಪ್‌ಸೀಡ್‌ನ್ಯಾಗ ಶ್ಯಾಡೋ, ಅಂದ್ರ ಕತ್ತಲ ಜಾಗಾದ ಬೆಳಕು, ಪೂರ್ತಿ ಏರಿಸಿದ್ರ ಮುಖ ಬೂದಿ ಬಳದಂಗ, ಸೀರಿ ತುಂಬ ನೇರಳೆ ಚುಕ್ಕಿ. ಮುಂದಿನ ವಾರ ಆಕಿಗೆ 80 ತುಂಬತಾವು, ಫ್ರೇಮ್ ಹಾಕಿಸಿ ಕೊಡಬೇಕಂತ ಆಸೆ. ಇದೊಂದರಾಗ ಮಾತ್ರ ಕ್ಯಾಮೆರಾ ಮರತು ನಕ್ಕಾಳ್ರಿ.

ಹಳೇ ಹುಬ್ಬಳ್ಳಿ:
ಎಐ ಆ್ಯಪ್‌ಗೆ ಹಾಕ್ರಿ, ಎರಡ ನಿಮಿಷದ ಕೆಲಸ.

ಗದಗಿನ ಗಿರ್ಮಿಟ್:
ಹಾಕಿದ್ನಿರಿ. ಬ್ಯಾರೆ ಯಾರೋ ಮುದುಕಿ ಬಂದ್ಲು. ಮೂಗಬಟ್ಟೂ ಇಲ್ಲ.

ಕತ್ತಲಕೋಣೆ, ಧಾರವಾಡ:
ತಮ್ಮಾ, ಇಪ್ಪತ್ತು ವರ್ಷ ಮದವಿ ಫೋಟೋ ತಗದಾಂವ ಹೇಳಾಕತ್ತೀನಿ, ಶ್ಯಾಡೋ ಎತ್ತೂದು ಬಿಡು. ನಿನ್ನ ಫೈಲ್ ಜೆಪೆಗ್ ಐತಿ. ಒಂದೊಂದು ಬಣ್ಣಕ್ಕ ಇರೂದ 256 ಮೆಟ್ಟಲ, ಸೊನ್ನಿ ಅಂದ್ರ ಪೂರ್ತಿ ಕಪ್ಪು. ನೀ ಹಾಕಿದ್ದು ತಗದು ನೋಡಿದೆ, ಆಯಿ ಗಲ್ಲ ಬರೇ 12ರಿಂದ 25ರೊಳಗ ಕುಂತೈತಿ. ಹದಿನಾಲ್ಕ ಮೆಟ್ಟಲ ಜಗ್ಗಿ ಇಡೀ ಮುಖ ಮಾಡ್ತೀನಂದ್ರ ಹರೀತೈತಿ. ಕ್ಯಾಮೆರಾ ಕಂಡಿದ್ದನ್ನ ಒತ್ತದ ಹಂಗ ಇಟ್ಟಕೊಳ್ಳೂ ರಾ ಫೈಲ್ ಇದ್ದಿದ್ರ ಮಾತ ಬ್ಯಾರೆ ಇತ್ತು.

ಕಪ್ಪನ್ನ ಕಪ್ಪಾಗೇ ಇಟ್ಟು ಆಡು. ಮದಲ ಬಣ್ಣ ತಗಿ, ನೇರಳೆ ಚುಕ್ಕಿ ಅಲ್ಲೇ ಸಾಯ್ತಾವು. ಉಳಿದ ಕಾಳಿನ ಮ್ಯಾಲೆ ಇನ್ನೊಂದೀಟು ಗ್ರೇನ್ ಉದುರಿಸು, ಹಳೇ ರೀಲ್ ಫೋಟೋದಂಗ ಕಾಣತೈತಿ. ಸಯನೋಟೈಪ್ ನೀಲಿನೂ ಛಲೋ. 1842ರಾಗ ಜಾನ್ ಹರ್ಷೆಲ್ ಕಂಡಹಿಡದ ಫೋಟೋ ಅಚ್ಚಿನ ಪದ್ಧತಿ ಅದು. ನೆರಳಿನ ಜಾಗಾ ಕಡುನೀಲಿ ಆಗತೈತಿ, ಕಡದ ಕಂಬದ ಅಂಚಿನ ಬೆಳಕು ಎದ್ದ ಕಾಣತೈತಿ. ಆದ್ರ ಆಯಿ ಮೋತಿಗೆ ನೀಲಿ? ನನಗಂತೂ ಸೇರೂದಿಲ್ಲ.

ನಾ ಆಗಿದ್ರ ಕಸೂತಿ ಮಾಡ್ತಿದ್ದೆ. ಚಂದ್ರಕಾಳಿ ಸೀರಿ ನೋಡಿಯಲ್ಲ? ಕರೇ ಬಟ್ಟಿ, ಅದರ ಮ್ಯಾಲೆ ದಾರ. ನಿನ್ನ ಫೋಟೋನೂ ಅದ. ಫೋಟೋ ತಿದ್ದೂ ಸಾಫ್ಟ್‌ವೇರ್ ಜಿಂಪ್‌ನ್ಯಾಗ ಅಗಲ 80 ಪಿಕ್ಸೆಲ್‌ಗೆ ಇಳಸು. ಬಣ್ಣ ನಾಕಕ್ಕ ತಾ: ಕಪ್ಪು, ಕುಂಕುಮ ಕೆಂಪು, ಅರಿಷಿಣ, ಬಿಳಿ. ಆಮ್ಯಾಲೆ ಇಂಟರ್‌ಪೊಲೇಷನ್ (ನಡುವಿನ ಬಣ್ಣ ತಾನ ತುಂಬೂದು) ಬಂದ್ ಮಾಡಿ ದೊಡ್ಡದು ಮಾಡು, ಇಲ್ಲಂದ್ರ ಚೌಕದ ಅಂಚು ಕಲಸತಾವು. ಒಂದೊಂದು ಚೌಕಕ್ಕ ಮೆಂತೆ ಹೊಲಿಗಿ ಗುಣಾಕಾರ ಹಾಕು, ಕಪ್ಪು ಚೌಕ ಹಂಗ ಬಿಡು, ಅದು ಬಟ್ಟಿ. ಕಸೂತಿಯೊಳಗ ಗೆರಿ ಬರಕೊಳ್ಳೂದಿಲ್ಲ, ಎಳಿ ಎಣಿಸಿ ಹೊಲೀತಾರ. ಪಿಕ್ಸೆಲ್ ಅಂದ್ರ ಮತ್ತೇನು? ಮೂಗಬಟ್ಟಿನ ಚೌಕ ಮಾತ್ರ ಕೈಯಿಂದ ಇಡು, ಮಶಿನ್ನಿಗೆ ಅದು ತಿಳಿಯೂದಿಲ್ಲ.

ಹಳೇ ಹುಬ್ಬಳ್ಳಿ:
80 ಪಿಕ್ಸೆಲ್‌ನ್ಯಾಗ ಗುರುತ ಸಿಗತೈತೇನ್ರಿ ಅಣ್ಣಾರ?

ಕತ್ತಲಕೋಣೆ, ಧಾರವಾಡ:
ಹತ್ತಿರ ನಿಂತ್ರ ಇಲ್ಲ. ಪಡಸಾಲಿ ಆ ಕಡೆ ಗ್ವಾಡಿಗೆ ಹಾಕಿ ನೋಡ್ರಿ.

ಗದಗಿನ ಗಿರ್ಮಿಟ್:
ಮಾಡಿದ್ನಿರಿ ಅಣ್ಣಾರ. ಮೂರು ರಾತ್ರಿ ಹಿಡೀತು. ಮೂಗಬಟ್ಟಿಗೆ ಎರಡು ಬಿಳಿ, ಒಂದು ಕೆಂಪು ಇಟ್ಟೆ. ಅದು ಬಿದ್ದ ಕೂಡ್ಲೆ ಆಯಿ ಆದ್ಲು. ಮ್ಯಾಟ್ ಪೇಪರ್‌ನ್ಯಾಗ ತಗಿಸಿ ನಿನ್ನೆ ಕೊಟ್ಟೆ. ಆಕಿ ಹರೇದಾಗ ಕಸೂತಿ ಹಾಕಿದಾಕಿ. ಬಾಳೊತ್ತು ನೋಡಿದ್ಲು, ಫ್ರೇಮ್ ಡಬ್ಬ ಹಾಕಿ ಹಿಂದಿನ ರಟ್ಟಿನ ಮ್ಯಾಲೆ ಕೈ ಆಡಿಸಿದ್ಲು. ಕಸೂತಿಯೊಳಗಿನ ಗಾವಂತಿ ಹೊಲಿಗಿ ಎರಡೂ ಕಡೆ ಒಂದ ಥರ ಕಾಣಬೇಕಲ್ರಿ. "ಹಿಂದ ಏನೂ ಹಾಕೇ ಇಲ್ಲಲ್ಲೋ" ಅಂದ್ಲು.